ಟಿವಿಯಲ್ಲಿ ಒಂದು ತಾಸು, ಎಫ್‌ಎಸ್‌ಎಲ್‌ನಲ್ಲಿ ಎಷ್ಟು ತಿಂಗಳು?

“ಎಫ್‌ಎಸ್‌ಎಲ್ ರಿಪೋರ್ಟ್ ಬಂತೇನ್ರೀ ಸಾಹೇಬ್ರ?”

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪೊಲೀಸ್ ಠಾಣೆಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಎಫ್‌ಎಸ್‌ಎಲ್ ಅಂದರೆ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಫೋರೆನ್ಸಿಕ್ ಲ್ಯಾಬ್. ಕೇಳುವವರು ಎಲ್ಲರೂ ಕೊಲೆ ಕೇಸಿನವರೇ ಆಗಿರಬೇಕಿಲ್ಲ. ಹೊಲದಲ್ಲಿ ಕ್ರಿಮಿನಾಶಕ ಸೇವಿಸಿ ತೀರಿಕೊಂಡ ರೈತನ ಮಗ ಇರಬಹುದು. ಹಾವು ಕಚ್ಚಿ ಸತ್ತ ಹೆಣ್ಣುಮಗಳ ಅಣ್ಣ ಇರಬಹುದು. ಠಾಣೆಯವರ ಉತ್ತರ ಬಾಯಿಪಾಠ ಆಗಿರುತ್ತದೆ: “ಇನ್ನಾ ಬಂದಿಲ್ಲಪ್ಪ, ಬಂದ ಕೂಡ್ಲೇ ಹೇಳ್ತೀವಿ.” ಹೊರಗೆ ಬಂದ ಮೇಲೆ ಜೊತೆಗೆ ಬಂದವರಲ್ಲಿ ಯಾರಾದರೂ ಅನ್ನುತ್ತಾರೆ: “ಟಿವ್ಯಾಗ ಒಂದ್ ತಾಸಿನ್ಯಾಗ ಎಲ್ಲಾ ಹೇಳ್ತಾರ, ಇವ್ರಿಗೇನ್ ಬ್ಯಾನಿ?”

ಆ ಸಿಟ್ಟಿಗೆ ಅರ್ಥ ಇದೆ. ‘ಸಿಐಡಿ’ ಧಾರಾವಾಹಿ ಸೋನಿ ಚಾನೆಲ್‌ನಲ್ಲಿ 1998ರಲ್ಲಿ ಶುರುವಾಗಿ 2018ರವರೆಗೆ ಓಡಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ಬಂತು. ಹಿಂದಿ ಸಲೀಸಾಗಿ ತಿಳಿಯುವ ನಮ್ಮ ಭಾಗದಲ್ಲಿ ಅದನ್ನು ನೋಡದೆ ಬೆಳೆದವರು ಕಡಿಮೆ. ಅದರಲ್ಲಿ ಫೋರೆನ್ಸಿಕ್ ತಜ್ಞ ಡಾ. ಸಾಳುಂಕೆ ಒಬ್ಬರೇ ಹೆಣ ನೋಡುತ್ತಾರೆ, ವಿಷ ಪತ್ತೆ ಮಾಡುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ. ನಡುವೆ ಎಸಿಪಿ ಜೊತೆ ಜಗಳ ಆಡೋದಕ್ಕೂ ಅವರಿಗೆ ಪುರುಸೊತ್ತು ಇರುತ್ತದೆ. ಜಾಹೀರಾತು ಮುಗಿಯುವಷ್ಟರಲ್ಲಿ ರಿಪೋರ್ಟ್ ರೆಡಿ.

ಅಮೆರಿಕದಲ್ಲಿ 2000ದಿಂದ 2015ರವರೆಗೆ ಬಂದ ‘ಸಿಎಸ್‌ಐ’ ಎಂಬ ಧಾರಾವಾಹಿಯ ಕಾಲದಲ್ಲಿ ‘ಸಿಎಸ್‌ಐ ಪರಿಣಾಮ’ ಅಂತ ಒಂದು ಮಾತೇ ಹುಟ್ಟಿಕೊಂಡಿತು. ಅಲ್ಲಿ ತೀರ್ಪು ಕೊಡುವುದು ಜನಸಾಮಾನ್ಯರಿಂದ ಆರಿಸಿದ ಜ್ಯೂರಿ. ಟಿವಿ ನೋಡಿದ ಜ್ಯೂರಿಯವರು ‘ಡಿಎನ್‌ಎ ಎಲ್ಲಿ, ಬೆರಳಚ್ಚು ಎಲ್ಲಿ’ ಅಂತ ಕೇಳಿ ಆರೋಪಿಗಳನ್ನು ಬಿಟ್ಟುಬಿಡುತ್ತಾರೆ ಎಂದು ಸರ್ಕಾರಿ ವಕೀಲರು ದೂರಿದರು. ಮಿಷಿಗನ್ ರಾಜ್ಯದ ಒಬ್ಬ ನ್ಯಾಯಾಧೀಶರು 2006ರಲ್ಲಿ ಜ್ಯೂರಿಗೆ ಕರೆ ಬಂದಿದ್ದ ಸುಮಾರು ಸಾವಿರ ಜನರನ್ನು ಕೇಳಿ ನೋಡಿದರು. ಧಾರಾವಾಹಿ ನೋಡುವವರಿಗೆ ವೈಜ್ಞಾನಿಕ ಸಾಕ್ಷ್ಯದ ನಿರೀಕ್ಷೆ ಜಾಸ್ತಿ ಇದ್ದದ್ದು ನಿಜ. ಆದರೆ ಅದರಿಂದಲೇ ತೀರ್ಪು ಬದಲಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ.

ನಮ್ಮಲ್ಲಿ ಜ್ಯೂರಿ ಇಲ್ಲ, ಅದು ಹೋಗಿ ಎಷ್ಟೋ ದಶಕ ಆಯಿತು. ಹಾಗಾದರೆ ಇಲ್ಲಿ ಟಿವಿಯ ಪರಿಣಾಮ ಯಾರ ಮೇಲೆ? ನನಗೆ ಕಾಣುವಂತೆ ಕಾಯುತ್ತಾ ಕೂತ ಮನೆಯವರ ಮೇಲೆ, ಘಟನೆ ನಡೆದ ಜಾಗದಲ್ಲಿ ಸೇರುವ ಜನರ ಮೇಲೆ, ಇತ್ತೀಚೆಗೆ ಕಾನೂನು ಮಾಡುವವರ ಮೇಲೂ. ಟಿವಿ ತೋರಿಸುವ ಯಂತ್ರಗಳು ಪೂರ್ತಿ ಸುಳ್ಳಲ್ಲ. ಅವು ಲ್ಯಾಬ್‌ಗಳಲ್ಲಿ ಇವೆ. ಟಿವಿ ಬಿಟ್ಟುಬಿಡುವುದು ಲ್ಯಾಬ್ ಬಾಗಿಲಿಗೆ ಬರುವ ಮುಂಚಿನ ದಾರಿಯನ್ನು. ಕೇಸು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಆ ದಾರಿಯಲ್ಲೇ.

ಅದು ಹೇಗಿರುತ್ತದೆ ಅಂತ ನೋಡಿ. ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬರು ಅನುಮಾನಾಸ್ಪದವಾಗಿ ಸತ್ತರು ಅಂತಿಟ್ಟುಕೊಳ್ಳಿ. ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ. ಪಂಚರನ್ನು ಕರೆದು ಪಂಚನಾಮೆ ಮಾಡುತ್ತಾರೆ. ಶವ ತಾಲ್ಲೂಕು ಆಸ್ಪತ್ರೆಗೋ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ಗೋ ಹೋಗುತ್ತದೆ. ಅಲ್ಲಿ ಡಾಕ್ಟರು ಪೋಸ್ಟ್‌ಮಾರ್ಟಂ ಮಾಡುತ್ತಾರೆ. ತಾಲ್ಲೂಕು ಆಸ್ಪತ್ರೆ ಆದರೆ ಅವರು ಫೋರೆನ್ಸಿಕ್ ತಜ್ಞರೇ ಆಗಿರಬೇಕಿಲ್ಲ. ಬೆಳಗಿನಿಂದ ಜ್ವರ, ಕೆಮ್ಮು ನೋಡಿದ ಡ್ಯೂಟಿ ಡಾಕ್ಟರೇ ಇರಬಹುದು. ಸಾವಿನ ಕಾರಣ ಸ್ಪಷ್ಟ ಇಲ್ಲ ಅಂದರೆ ವಿಸೇರಾ, ಅಂದರೆ ಪರೀಕ್ಷೆಗೆ ಬೇಕಾದ ಒಳ ಅಂಗಗಳ ತುಂಡುಗಳನ್ನು, ತೆಗೆದಿಡುತ್ತಾರೆ. ಅದು ಪೊಲೀಸರ ಕೈಗೆ, ಅಲ್ಲಿಂದ ಎಫ್‌ಎಸ್‌ಎಲ್‌ಗೆ. ಕಲಬುರಗಿಯಲ್ಲಿ ಪ್ರಾದೇಶಿಕ ಲ್ಯಾಬ್ ಇದೆ. ರಾಜ್ಯದ ಮುಖ್ಯ ಲ್ಯಾಬ್ ಬೆಂಗಳೂರಿನ ಮಡಿವಾಳದಲ್ಲಿ. ಬೆರಳಚ್ಚು ನೋಡುವವರು ಪೊಲೀಸ್ ಇಲಾಖೆಯ ಬೇರೆಯೇ ಘಟಕದವರು. ಶ್ವಾನದಳ ಮತ್ತೊಂದು. ಎಫ್‌ಎಸ್‌ಎಲ್‌ನಲ್ಲಿ ವಿಸೇರಾ ಪರೀಕ್ಷೆ ಮಾಡುವ ವಿಜ್ಞಾನಿ ಆ ಶವವನ್ನು ನೋಡಿಯೇ ಇರುವುದಿಲ್ಲ. ಆ ಹಳ್ಳಿಯ ಹೆಸರನ್ನು ಅವರು ಓದುವುದು ಪೊಲೀಸರು ಕಳಿಸಿದ ಪತ್ರದಲ್ಲಿ. ಡಾ. ಸಾಳುಂಕೆ ಒಬ್ಬರ ಕೆಲಸ ಇಲ್ಲಿ ನಾಲ್ಕೈದು ಕಚೇರಿಗಳಿಗೆ ಹಂಚಿಹೋಗಿದೆ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ಒಂದು ಸಹಿ, ಒಂದು ಸೀಲು, ಒಂದು ದಿನಾಂಕ ಬೇಕು.

ಆ ವಿಸೇರಾ ಬಾಟಲಿಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಗಲ ಬಾಯಿಯ ಬಾಟಲಿಗಳು. ಒಂದರಲ್ಲಿ ಜಠರ, ಅದರೊಳಗೆ ಇದ್ದದ್ದು, ಸಣ್ಣ ಕರುಳಿನ ಒಂದು ತುಂಡು. ಇನ್ನೊಂದರಲ್ಲಿ ಲಿವರ್‌ನ ಒಂದು ಭಾಗ, ಎರಡೂ ಕಿಡ್ನಿಗಳಲ್ಲಿ ಅರ್ಧರ್ಧ. ರಕ್ತಕ್ಕೆ ಬೇರೆ ಸೀಸೆ. ಕೆಡದಿರಲಿ ಅಂತ ಸಾಮಾನ್ಯವಾಗಿ ಹಾಕುವುದು ಯಾವ ದೊಡ್ಡ ಕೆಮಿಕಲ್ಲೂ ಅಲ್ಲ, ಉಪ್ಪಿನ ನೀರು. ಇನ್ನು ಕರಗುವುದೇ ಇಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರು. ವಿಷದ ಪರೀಕ್ಷೆಗೆ ಹೋಗುವ ಭಾಗಗಳಿಗೆ ಫಾರ್ಮಲಿನ್ ಹಾಕುವಂತಿಲ್ಲ, ಹಾಕಿದರೆ ಆಮೇಲೆ ವಿಷ ಹುಡುಕುವುದೇ ಕಷ್ಟ. ಬಾಟಲಿಯನ್ನು ಕಂಠದವರೆಗೆ ತುಂಬುವಂತಿಲ್ಲ. ಮೂರರಲ್ಲಿ ಎರಡು ಪಾಲು ಮಾತ್ರ. ಒಳಗೆ ಗ್ಯಾಸ್ ಹುಟ್ಟುತ್ತದೆ, ನಮ್ಮ ಬೇಸಿಗೆಯಲ್ಲಂತೂ ಹೇಳೋದೇ ಬೇಡ. ಇವುಗಳ ಜೊತೆ ಇನ್ನೂ ಒಂದು ಬಾಟಲಿ ಹೋಗುತ್ತದೆ. ಅದರಲ್ಲಿ ಬರೀ ಅದೇ ಉಪ್ಪು ನೀರು. ನಾಳೆ ಕೋರ್ಟಿನಲ್ಲಿ ಆರೋಪಿ ಪರ ವಕೀಲರು, ‘ವಿಷ ನಿಮ್ಮ ಉಪ್ಪು ನೀರಿನಲ್ಲೇ ಇತ್ತೇನೋ, ಅಲ್ವಾ?’ ಅಂತ ಕೇಳಿದರೆ ಉತ್ತರ ಕೊಡೋದಕ್ಕೆ.

ಮುಚ್ಚಳದ ಮೇಲೆ ಬಟ್ಟೆ ಕಟ್ಟಿ, ದಾರದ ಗಂಟಿನ ಮೇಲೆ ಅರಗು ಕಾಯಿಸಿ ಹಾಕಿ ಸೀಲು ಒತ್ತುತ್ತಾರೆ. ಅದೇ ಸೀಲಿನ ಅಚ್ಚು ಇರುವ ಒಂದು ಕಾಗದವೂ ಹೋಗುತ್ತದೆ. ಲ್ಯಾಬ್‌ನವರು ಮೊದಲು ಮಾಡುವ ಕೆಲಸ ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವುದು. ಸೀಲು ಒಡೆದಿದ್ದರೆ, ಹೊಂದದಿದ್ದರೆ ಅಲ್ಲೇ ಆಕ್ಷೇಪ. ಆಮೇಲಷ್ಟೇ ವಿಜ್ಞಾನ. ಅಂಗಾಂಗದ ತುಂಡುಗಳನ್ನು ಸಣ್ಣಗೆ ಹೆಚ್ಚಿ, ಅರೆದು, ದ್ರಾವಕ ಹಾಕಿ ಅದರಲ್ಲಿರುವ ವಿಷದ ಅಂಶವನ್ನು ಬೇರೆ ಮಾಡಬೇಕು. ನಂತರ ಟಿಎಲ್‌ಸಿ ಎಂಬ ಹಳೆಯ, ನಂಬಿಕಸ್ತ ಪರೀಕ್ಷೆ. ಸಿಲಿಕಾ ಬಳಿದ ಪ್ಲೇಟಿನ ತಳದಲ್ಲಿ ಒಂದು ಚುಕ್ಕೆ ಇಡುತ್ತಾರೆ. ಪ್ಲೇಟನ್ನು ದ್ರಾವಕದಲ್ಲಿ ನಿಲ್ಲಿಸಿದರೆ ಅದು ಮೇಲೇರುತ್ತಾ ಚುಕ್ಕೆಯನ್ನೂ ಎಳೆದುಕೊಂಡು ಹೋಗುತ್ತದೆ. ಪಕ್ಕದಲ್ಲಿ ಗೊತ್ತಿರುವ ಕ್ರಿಮಿನಾಶಕದ ಚುಕ್ಕೆಯೂ ಇರುತ್ತದೆ. ಎರಡೂ ಒಂದೇ ಎತ್ತರಕ್ಕೆ ಹೋದವಾ, ಬಣ್ಣ ಬರಿಸುವ ದ್ರವ ಸಿಂಪಡಿಸಿದಾಗ ಎರಡಕ್ಕೂ ಒಂದೇ ಬಣ್ಣ ಬಂತಾ ಎಂದು ನೋಡುತ್ತಾರೆ. ಇನ್ನೂ ಖಚಿತ ಮಾಡಿಕೊಳ್ಳಲು, ಬೆರೆತ ರಾಸಾಯನಿಕಗಳನ್ನು ಬಿಡಿಸಿ ಗುರುತಿಸುವ ಜಿಸಿ-ಎಂಎಸ್ ಯಂತ್ರ ಇದೆ. ಟಿವಿಯಲ್ಲಿ ಒಂದು ಹನಿ ರಕ್ತ ಹಾಕಿದ ತಕ್ಷಣ ಪರದೆ ಮೇಲೆ ಹೆಸರು ಮಿನುಗುವ ಯಂತ್ರ ಬಹುಶಃ ಇದೇ. ಆದರೆ ಅದಕ್ಕೂ ಹೋಲಿಸಿ ನೋಡಲು ಗೊತ್ತಿರುವ ಮಾದರಿ ಬೇಕು. ಏನನ್ನು ಹುಡುಕಬೇಕು ಎಂಬ ಸುಳಿವೂ ಬೇಕು. ಪೊಲೀಸರ ಪತ್ರದಲ್ಲಿ ‘ವಿಷ ಸೇವನೆ’ ಎಂದಷ್ಟೇ ಬರೆದರೆ ಲ್ಯಾಬ್‌ನವರು ಕತ್ತಲಲ್ಲಿ ತಡಕಾಡಬೇಕು. ಹೊಲದ ಬದುವಿನಲ್ಲಿ ಬಿದ್ದಿದ್ದ ಖಾಲಿ ಡಬ್ಬಿಯನ್ನೂ ಜೊತೆಗೆ ಕಳಿಸಿದರೆ ಅರ್ಧ ಕೆಲಸ ಹಗುರ ಆಗುತ್ತದೆ.

ಕಲಬುರಗಿ ತೊಗರಿಯ ಕಣಜ. ತೊಗರಿ, ಹತ್ತಿ ಅಂದಮೇಲೆ ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿ ಇದ್ದೇ ಇರುತ್ತದೆ. ಬೆಳೆ ಕೈಕೊಟ್ಟ ವರ್ಷ ಅದೇ ಡಬ್ಬಿ ಸಾವಿನ ಕಾರಣ ಆಗುತ್ತದೆ. ರೈತ ಆತ್ಮಹತ್ಯೆ ಎಂದು ಉಪವಿಭಾಗಾಧಿಕಾರಿಗಳ ಸಮಿತಿ ಒಪ್ಪಿದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ. ಎಫ್‌ಎಸ್‌ಎಲ್ ವರದಿ ಬಾರದೆ ಆ ಕಡತ ಮುಂದೆ ಹೋಗದ ಉದಾಹರಣೆಗಳು ಬೇಕಾದಷ್ಟಿವೆ. ವಿಮೆ ಹಣದ್ದೂ ಇದೇ ಕತೆ. ಟಿವಿಯಲ್ಲಿ ಲ್ಯಾಬ್ ರಿಪೋರ್ಟ್ ಬಂದರೆ ಯಾರೋ ಒಬ್ಬ ಜೈಲಿಗೆ ಹೋಗುತ್ತಾನೆ. ಇಲ್ಲಿ ಬಂದರೆ ಯಾವುದೋ ಮನೆಯ ಸಾಲ ತೀರುತ್ತದೆ, ಮಗಳ ಕಾಲೇಜು ಫೀಸು ಕಟ್ಟುತ್ತಾರೆ. ಫೋರೆನ್ಸಿಕ್ ಲ್ಯಾಬ್‌ನ ಈ ಮುಖ ಯಾವ ಧಾರಾವಾಹಿಯಲ್ಲೂ ಕಂಡಂತಿಲ್ಲ.

ಈ ವಿಷಯದಲ್ಲಿ ಜನರಿಗೆ ಜಾಸ್ತಿ ಗೊಂದಲ ಆಗುವುದು ‘ವಿಷ ಕಂಡುಬಂದಿಲ್ಲ’ ಎಂಬ ವರದಿ ಬಂದಾಗ. ಕಣ್ಣಾರೆ ಕಂಡದ್ದನ್ನೇ ಸುಳ್ಳು ಅಂದಂತೆ ಮನೆಯವರಿಗೆ ಅನ್ನಿಸುತ್ತದೆ. ಲಂಚ ತಿಂದಿದ್ದಾರೆ ಅಂತ ಊರಲ್ಲಿ ಮಾತು ಹುಟ್ಟುತ್ತದೆ. ನಿಜ ಏನೆಂದರೆ, ವಿಷ ಹೊಟ್ಟೆಗೆ ಹೋದವರು ಕೆಲವೊಮ್ಮೆ ಐಸಿಯುನಲ್ಲಿ ಹಲವು ದಿನ ಬದುಕಿರುತ್ತಾರೆ. ಹೊಟ್ಟೆ ತೊಳೆದಿರುತ್ತಾರೆ, ಗ್ಲೂಕೋಸ್ ಏರಿಸಿರುತ್ತಾರೆ. ದೇಹ ಆ ವಿಷವನ್ನು ಒಡೆದು ಹೊರಗೆ ಹಾಕಿರುತ್ತದೆ. ಸಾವು ವಿಷದಿಂದಲೇ ಆಗಿದ್ದರೂ ಬಾಟಲಿಯೊಳಗೆ ವಿಷ ಸಿಗದೇ ಇರಬಹುದು. ಹಾವಿನ ಕೇಸಿನಲ್ಲಿ ಇನ್ನೂ ಕಷ್ಟ. ಹಾವಿನ ವಿಷವನ್ನು ವಿಸೇರಾದ ಮಾಮೂಲಿ ರಾಸಾಯನಿಕ ಪರೀಕ್ಷೆ ಹಿಡಿಯುವುದೇ ಇಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಆಸ್ಪತ್ರೆಯ ದಾಖಲೆ, ಕಚ್ಚಿದ ಜಾಗದ ವಿವರ. ಅಡ್ಮಿಟ್ ಮಾಡಿದಾಗಿನ ಕೇಸ್ ಶೀಟ್‌ನ ಜೆರಾಕ್ಸ್ ಇಟ್ಟುಕೊಳ್ಳಿ ಅಂತ ತಿಳಿದ ವಕೀಲರು ಹೇಳುವುದು ಇದಕ್ಕೇ.

  

ಟಿವಿ ಡಾಕ್ಟರು ಹೆಣದ ಪಕ್ಕ ಕೂತು, ‘ರಾತ್ರಿ ಹತ್ತೂವರೆಯಿಂದ ಹನ್ನೊಂದರ ಒಳಗೆ ಸತ್ತಿದ್ದಾನೆ’ ಅಂತ ಹೇಳುವ ದೃಶ್ಯ ಎಲ್ಲರಿಗೂ ಗೊತ್ತು. ಆ ಲೆಕ್ಕದ ಹಿಂದೆ ಇರುವ ಒಂದು ವಿಧಾನ ಮೈಯ ಬಿಸಿ. ಜೀವ ಹೋದ ಮೇಲೆ ಸುಮಾರು 37 ಡಿಗ್ರಿ ಇದ್ದ ಮೈ ನಿಧಾನಕ್ಕೆ ತಣ್ಣಗಾಗುತ್ತಾ ಹೊರಗಿನ ಗಾಳಿಯ ಮಟ್ಟಕ್ಕೆ ಬರುತ್ತದೆ. ಎಷ್ಟು ಇಳಿದಿದೆ ಎಂದು ನೋಡಿ ಎಷ್ಟು ತಾಸು ಆಗಿದೆ ಎಂದು ಅಂದಾಜು ಮಾಡುತ್ತಾರೆ. ತಣ್ಣನೆಯ ದೇಶಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಗಾಳಿಯೇ 42, 43 ಡಿಗ್ರಿ ಇದ್ದರೆ? ಮೈ ತಣ್ಣಗಾಗುವುದು ಬಿಡಿ, ಇನ್ನಷ್ಟು ಬಿಸಿಯೂ ಆಗಬಹುದು. ಲೆಕ್ಕ ಅಲ್ಲೇ ನಿಂತಿತು. ಇನ್ನೊಂದು ಗುರುತು ಸತ್ತ ಮೇಲೆ ಮೈ ಸೆಟೆದುಕೊಳ್ಳುವುದು. ಬಿಸಿಲಿಗೆ ಅದು ಬೇಗ ಶುರುವಾಗಿ ಬೇಗ ಬಿಟ್ಟುಹೋಗುತ್ತದೆ. ಕೊಳೆಯುವುದೂ ಹಾಗೆ. ಚಳಿಗಾಲದಲ್ಲಿ ಎರಡು ದಿನ ಹಿಡಿಯುವುದು ಬೇಸಿಗೆಯಲ್ಲಿ ಒಂದು ದಿನಕ್ಕೂ ಮೊದಲೇ ಆಗಿಬಿಡಬಹುದು. ನಡುವೆ ಶವವನ್ನು ಕೆಲವು ತಾಸು ಶೀತಲ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೂ ಗೊಂದಲ ಇನ್ನೂ ಜಾಸ್ತಿ. ಅದಕ್ಕೇ ಅನುಭವ ಇರುವ ಡಾಕ್ಟರು ವರದಿಯಲ್ಲಿ ‘6ರಿಂದ 12 ತಾಸಿನ ಒಳಗೆ’, ‘24 ತಾಸಿನ ಒಳಗೆ’ ಅಂತ ಅಗಲವಾಗಿ ಬರೆಯುತ್ತಾರೆ. ಓದುವವರಿಗೆ ಅದು ಜಾರಿಕೊಳ್ಳುವ ಮಾತಿನಂತೆ ಕಾಣುತ್ತದೆ. ನನ್ನ ಕೇಳಿದರೆ ನಿಮಿಷದ ಲೆಕ್ಕ ಕೊಡುವ ಡಾಕ್ಟರ ಬಗ್ಗೆಯೇ ಅನುಮಾನ ಪಡಬೇಕು.

ಇನ್ನು ರಕ್ತ. ಗೋಡೆ ಮೇಲೆ ಕೆಂಪು ಕಲೆ ಕಂಡರೆ ಟಿವಿಯವರು ಏನೋ ಸಿಂಪಡಿಸುತ್ತಾರೆ, ನೀಲಿ ಬೆಳಕು ಹೊಳೆಯುತ್ತದೆ, ‘ಇದು ರಕ್ತ’ ಅನ್ನುತ್ತಾರೆ. ಆ ಲ್ಯುಮಿನಾಲ್ ನಿಜವಾದದ್ದೇ. ಆದರೆ ಬ್ಲೀಚಿಂಗ್ ದ್ರವಕ್ಕೂ, ಕೆಲವು ಲೋಹಕ್ಕೂ, ಕೆಲವು ತರಕಾರಿ ರಸಕ್ಕೂ ಅದು ಹೊಳೆಯುತ್ತದೆ. ನಮ್ಮೂರ ಗೋಡೆಗಳ ಮೇಲಿನ ಕೆಂಪು ಕಲೆಗಳಲ್ಲಿ ಗುಟ್ಕಾ, ಎಲೆ ಅಡಿಕೆಯ ಪಾಲು ಎಷ್ಟು ಅಂತ ಬಸ್ ಸ್ಟ್ಯಾಂಡ್ ನೋಡಿದವರಿಗೆ ಹೇಳಬೇಕಿಲ್ಲ. ಮೊದಲ ಪರೀಕ್ಷೆ ‘ರಕ್ತ ಇರಬಹುದು’ ಅಂತಷ್ಟೇ ಹೇಳುತ್ತದೆ. ರಕ್ತವೇ ಹೌದಾ, ಹೌದಾದರೆ ಮನುಷ್ಯನದ್ದಾ, ಕುರಿಯದ್ದಾ, ಆಮೇಲೆ ಯಾರದ್ದು ಎಂದು ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು.

ಯಾರದ್ದು ಅನ್ನುವುದಕ್ಕೆ ಡಿಎನ್‌ಎ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದ ದಾರಿ ಇದು. ಟಿವಿಯಲ್ಲಿ ಕೂದಲೊಂದು ಸಿಕ್ಕರೆ ಸಾಕು, ಕಂಪ್ಯೂಟರ್ ಸಾವಿರಾರು ಮುಖಗಳನ್ನು ಓಡಿಸಿ ಒಂದರ ಮೇಲೆ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಅಂಥ ರಾಷ್ಟ್ರೀಯ ಡಿಎನ್‌ಎ ಪಟ್ಟಿಯೇ ಇಲ್ಲ. ಅದಕ್ಕಾಗಿ 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು 2023ರಲ್ಲಿ ವಾಪಸ್ ಪಡೆದರು. ಹಾಗಾಗಿ ಸಿಕ್ಕ ಮಾದರಿಯನ್ನು ಹೋಲಿಸಬೇಕಾದರೆ ಮೊದಲು ಯಾರಾದರೂ ಶಂಕಿತ ವ್ಯಕ್ತಿ ಬೇಕು. ಆ ವ್ಯಕ್ತಿಯನ್ನು ಹುಡುಕುವುದು ಊರಲ್ಲಿ ಅವರಿವರನ್ನು ಕೇಳಿ ತಿರುಗುವ ಠಾಣೆಯ ಸಿಬ್ಬಂದಿ.

ಡಿಎನ್‌ಎ ಎಂದೂ ತಪ್ಪುವುದಿಲ್ಲ ಎಂಬ ನಂಬಿಕೆಗೆ ಜರ್ಮನಿಯಲ್ಲಿ ದೊಡ್ಡ ಪೆಟ್ಟು ಬಿತ್ತು. ಹೈಲ್‌ಬ್ರಾನ್ ಎಂಬ ಊರಲ್ಲಿ 2007ರಲ್ಲಿ ಒಬ್ಬ ಮಹಿಳಾ ಪೊಲೀಸ್ ಕೊಲೆ ಆಯಿತು. ಅಲ್ಲಿ ಸಿಕ್ಕ ಒಬ್ಬ ಹೆಂಗಸಿನ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ನ ಸುಮಾರು 40 ಅಪರಾಧ ಸ್ಥಳಗಳಲ್ಲೂ ಸಿಕ್ಕಿತು. ಕೊಲೆ, ಕಳ್ಳತನ ಎಲ್ಲದರಲ್ಲೂ ಅವಳೇ. ಪೊಲೀಸರು ವರ್ಷಗಟ್ಟಲೆ ಹುಡುಕಿದರು. 2009ರಲ್ಲಿ ಗೊತ್ತಾಯಿತು, ಅಂಥ ಕೊಲೆಗಾತಿ ಯಾರೂ ಇಲ್ಲ. ಮಾದರಿ ತೆಗೆಯುವ ಹತ್ತಿ ಕಡ್ಡಿಗಳನ್ನು ಪ್ಯಾಕ್ ಮಾಡುತ್ತಿದ್ದ ಕೆಲಸಗಾರ್ತಿಯ ಡಿಎನ್‌ಎ ಅದು. ಕಡ್ಡಿಗಳಲ್ಲಿ ರೋಗಾಣು ಇರಲಿಲ್ಲ, ಆದರೆ ಡಿಎನ್‌ಎ ಇತ್ತು. ಲ್ಯಾಬ್ ಕೊಟ್ಟ ಉತ್ತರ ಪ್ರತಿ ಸಲವೂ ಸರಿಯಾಗಿಯೇ ಇತ್ತು ಎಂಬುದೇ ಇಲ್ಲಿನ ವಿಚಿತ್ರ.

ನಮ್ಮಲ್ಲೇ ಆದದ್ದು ಇನ್ನೂ ಕಹಿ. ದೆಹಲಿಯ ಛಾವಲಾ ಪ್ರಕರಣದಲ್ಲಿ 2012ರಲ್ಲಿ ಒಬ್ಬ ಯುವತಿಯ ಅತ್ಯಾಚಾರ, ಕೊಲೆ ನಡೆದಿತ್ತು. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಮೂವರಿಗೆ ಗಲ್ಲು ವಿಧಿಸಿದ್ದವು. ಡಿಎನ್‌ಎ ವರದಿ ಆರೋಪಿಗಳ ವಿರುದ್ಧವೇ ಇತ್ತು. ಆದರೂ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂವರನ್ನೂ ಬಿಡುಗಡೆ ಮಾಡಿತು. ಕಾರಣಗಳಲ್ಲಿ ಒಂದು ಏನು ಗೊತ್ತಾ? ಮಾದರಿಗಳನ್ನು ತೆಗೆದದ್ದು ಫೆಬ್ರವರಿ 14 ಮತ್ತು 16ರಂದು, ಲ್ಯಾಬ್‌ಗೆ ಕಳಿಸಿದ್ದು 27ರಂದು. ಅಷ್ಟು ದಿನ ಅವು ಠಾಣೆಯ ಮುದ್ದೆಮಾಲು ಕೋಣೆಯಲ್ಲಿ, ಅಂದರೆ ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಕೋಣೆಯಲ್ಲಿ, ಇದ್ದವು. ಆ ದಿನಗಳಲ್ಲಿ ಯಾರೂ ಕೈ ಹಾಕಿಲ್ಲ ಎಂದು ನಂಬುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. 2025ರ ಜುಲೈನಲ್ಲಿ ತಮಿಳುನಾಡಿನ ಇನ್ನೊಂದು ಜೋಡಿ ಕೊಲೆ ಕೇಸಿನಲ್ಲೂ ಮರಣದಂಡನೆ ರದ್ದಾಗಿ ಆರೋಪಿ ಬಿಡುಗಡೆ ಆದ. ಆಗ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಹೇಳಿತು: ಡಿಎನ್‌ಎ ಮಾದರಿ ತೆಗೆದ 48 ತಾಸಿನೊಳಗೆ ಲ್ಯಾಬ್ ಮುಟ್ಟಬೇಕು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ರಿಜಿಸ್ಟರ್ ಇಡಬೇಕು, ಕೋರ್ಟಿನ ಅನುಮತಿ ಇಲ್ಲದೆ ಪ್ಯಾಕೆಟ್ ಮತ್ತೆ ತೆರೆಯಬಾರದು.

48 ತಾಸು ಅಂದರೆ ಬೆಂಗಳೂರಿನಲ್ಲಿ ಕೂತವರಿಗೆ ಧಾರಾಳ ಅನ್ನಿಸಬಹುದು. ನಮ್ಮ ರಾಜ್ಯದಲ್ಲಿ ವರ್ಷಗಟ್ಟಲೆ ಡಿಎನ್‌ಎ ಅಂದರೆ ಮಡಿವಾಳ ಅಂತಲೇ ಇತ್ತು. ಕಲಬುರಗಿಯಿಂದ ಅಲ್ಲಿಗೆ ಸುಮಾರು 600 ಕಿ.ಮೀ. ಬೀದರ್‌ನಿಂದ ಇನ್ನೂ ದೂರ. ಕಾನ್‌ಸ್ಟೇಬಲ್ ಒಬ್ಬರಿಗೆ ಬಂದೋಬಸ್ತ್ ಡ್ಯೂಟಿಯಿಂದ ಬಿಡುವು ಸಿಗಬೇಕು. ಕವರಿಂಗ್ ಲೆಟರ್‌ಗೆ ಸಾಹೇಬರ ಸಹಿ ಬೇಕು. ನಡುವೆ ಎರಡನೇ ಶನಿವಾರ, ಭಾನುವಾರ, ಶರಣಬಸವೇಶ್ವರ ಜಾತ್ರೆ ಬಂದರೆ ಮುಗಿಯಿತು.

ಸಿಸಿಟಿವಿ ವಿಷಯಕ್ಕೆ ಬಂದರೆ ಬೀದರ್ ನೆನಪಾಗುತ್ತದೆ. 2025ರ ಜನವರಿ 16ರಂದು ಊರ ನಡುವೆ, ಹಾಡಹಗಲೇ, ಎಟಿಎಂಗೆ ಹಣ ತುಂಬಲು ಬಂದಿದ್ದ ಸಿಬ್ಬಂದಿ ಮೇಲೆ ಬೈಕಿನಲ್ಲಿ ಬಂದವರು ಗುಂಡು ಹಾರಿಸಿ ಹಣದ ಪೆಟ್ಟಿಗೆ ಒಯ್ದರು. ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಮತ್ತೆ ಗುಂಡು ಹಾರಿತು. ಬೀದರ್‌ನ ದೃಶ್ಯ ಸಂಜೆಯೊಳಗೆ ಎಲ್ಲರ ಫೋನಿಗೂ ಬಂದಿತ್ತು. ‘ಮುಖ ಝೂಮ್ ಮಾಡಿ ಹಿಡೀಬಾರದಾ?’ ಅಂತ ಇಂಥ ವಿಡಿಯೊ ನೋಡಿದವರೆಲ್ಲ ಕೇಳುತ್ತಾರೆ. ಕ್ಯಾಮೆರಾ ಹಿಡಿಯದ ವಿವರವನ್ನು ಯಾವ ಸಾಫ್ಟ್‌ವೇರೂ ನಿಜವಾಗಿ ಹುಟ್ಟಿಸಲಾರದು. ಊಹಿಸಿ ತುಂಬಬಲ್ಲದು, ಅದು ಸಾಕ್ಷ್ಯ ಅಲ್ಲ. ನಿಜವಾದ ಕೆಲಸ ಬೇಸರ ತರಿಸುವಂಥದ್ದು. ಅಂಗಡಿ ಅಂಗಡಿಗೆ ಹೋಗಿ ಡಿವಿಆರ್, ಅಂದರೆ ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆ, ಕೇಳಬೇಕು. ಹೊಸ ರೆಕಾರ್ಡಿಂಗ್ ಹಳೆಯದರ ಮೇಲೆ ಕೂರುವ ಮೊದಲೇ ತೆಗೆಯಬೇಕು. ಡಿವಿಆರ್ ಗಡಿಯಾರ ಇಪ್ಪತ್ತು ನಿಮಿಷ ಹಿಂದಿದ್ದರೆ ಅದನ್ನೂ ಬರೆದಿಡಬೇಕು. ಕೋರ್ಟಿಗೆ ಕೊಡುವಾಗ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಇರಬೇಕು. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಅದು ಡಿಜಿಟಲ್ ಅರಗು.

ಹಾಗಂತ ವಿಜ್ಞಾನ ಬೆರಗು ಹುಟ್ಟಿಸುವುದೇ ಇಲ್ಲ ಅಂತಲ್ಲ. ಎಂ.ಎಂ. ಕಲಬುರ್ಗಿ ಅವರ ಹತ್ಯೆ ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ನಡೆಯಿತು. ಗೌರಿ ಲಂಕೇಶ್ ಹತ್ಯೆ ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು. ಊರು ಬೇರೆ, ವರ್ಷ ಬೇರೆ. ಎರಡೂ ಕಡೆ ಸಿಕ್ಕ ಗುಂಡು, ತೋಟಾಗಳ ಮೇಲಿನ ಗೀರುಗಳನ್ನು ಹೋಲಿಸಿದ ಬೆಂಗಳೂರಿನ ಎಫ್‌ಎಸ್‌ಎಲ್, ಎರಡಕ್ಕೂ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದಿತು. ಎರಡು ತನಿಖೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡದ್ದು ಅಲ್ಲಿಂದ. ಆದರೂ ಗಮನಿಸಿ, ಆ ವರದಿ ಹೇಳಿದ್ದು ಪಿಸ್ತೂಲಿನ ಬಗ್ಗೆ. ಅದನ್ನು ಹಿಡಿದವನ ಕೈ ಯಾರದ್ದು ಅನ್ನುವುದನ್ನು ತನಿಖಾ ತಂಡ ಬೇರೆ ದಾರಿಯಿಂದಲೇ ಹುಡುಕಬೇಕಾಯಿತು.

ಎಲ್ಲ ಫೋರೆನ್ಸಿಕ್ ವಿಧಾನಗಳಿಗೂ ಒಂದೇ ತೂಕ ಇಲ್ಲ ಎಂಬುದನ್ನು ಟಿವಿ ಹೇಳುವುದಿಲ್ಲ. ದೆಹಲಿಯ 2012ರ ನಿರ್ಭಯಾ ಪ್ರಕರಣದಲ್ಲಿ ಕಚ್ಚಿದ ಗುರುತುಗಳನ್ನು ಆರೋಪಿಗಳ ಹಲ್ಲಿನ ಅಚ್ಚಿಗೆ ಹೋಲಿಸಿ ನೋಡಿದ್ದು ನಮ್ಮ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ತಜ್ಞರು. ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ಒಪ್ಪಿತು. ಅದೇ ಹೊತ್ತಿಗೆ, 2016ರಲ್ಲಿ, ಅಮೆರಿಕ ಅಧ್ಯಕ್ಷರ ವಿಜ್ಞಾನ ಸಲಹೆಗಾರರ ಮಂಡಳಿ ಕಚ್ಚಿದ ಗುರುತಿನಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನಕ್ಕೆ ವೈಜ್ಞಾನಿಕ ಆಧಾರ ಸಾಲದು ಅಂತ ಹೇಳಿತ್ತು. ದೆಹಲಿ ಕೇಸಿನಲ್ಲಿ ಡಿಎನ್‌ಎ ಇತ್ತು, ಸಾಯುವ ಮುಂಚಿನ ಹೇಳಿಕೆ ಇತ್ತು, ಹಾಗಾಗಿ ತೀರ್ಪು ಹಲ್ಲಿನ ಗುರುತಿನ ಮೇಲಷ್ಟೇ ನಿಂತಿರಲಿಲ್ಲ. ಬರೀ ಹಲ್ಲಿನ ಗುರುತು ಮಾತ್ರ ಇರುವ ಕೇಸು ಬಂದರೆ ನಮ್ಮ ಕೋರ್ಟುಗಳು ಏನು ಮಾಡಬೇಕು ಎಂಬ ಪ್ರಶ್ನೆ ಹಾಗೇ ಇದೆ. ಮಂಪರು ಪರೀಕ್ಷೆಯದ್ದು ಇತ್ಯರ್ಥ ಆಗಿದೆ: ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸಿನ ಹೆಸರಲ್ಲಿ ಎದುರುವಾದಿಯಾಗಿ ಇರುವುದು ಕರ್ನಾಟಕ ರಾಜ್ಯ.

ಈಗ ಕಾನೂನೇ ಟಿವಿಯ ಹತ್ತಿರ ಬರುತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಪ್ರತಿ ಅಪರಾಧದಲ್ಲೂ ಫೋರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು, ಅದರ ವಿಡಿಯೊ ಆಗಲೇಬೇಕು. ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ ಇದೆ. ತಮ್ಮಲ್ಲಿ ಸೌಲಭ್ಯ ಇಲ್ಲದಿದ್ದರೆ ಬೇರೆ ರಾಜ್ಯದ್ದನ್ನು ಬಳಸಿಕೊಳ್ಳಬಹುದು ಅಂತಲೂ ಅದರಲ್ಲಿದೆ. ಬೀದರ್‌ನವರಿಗೆ ಹೈದರಾಬಾದ್ ಎಷ್ಟು ಹತ್ತಿರ ಅಂತ ನೋಡಿದರೆ ಈ ಮಾತನ್ನು ಯಾರಾದರೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಸ್ಥಳಕ್ಕೆ ಹೋಗುವ ‘ಸೋಕೋ’, ಅಂದರೆ ಅಪರಾಧ ಸ್ಥಳ ಅಧಿಕಾರಿಗಳ ಹುದ್ದೆಗಳನ್ನು ನಮ್ಮ ರಾಜ್ಯ ಸೃಷ್ಟಿ ಮಾಡಿದೆ. ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಪಿಯುಸಿ ಮುಗಿಸಿದ ನಮ್ಮ ಮಕ್ಕಳು ‘ಫೋರೆನ್ಸಿಕ್ ಓದ್ತೀನಿ’ ಅನ್ನುವುದರಲ್ಲಿ ಟಿವಿಯ ಪುಣ್ಯವೂ ಇದೆ, ಅದನ್ನು ಒಪ್ಪಬೇಕು.

ಸ್ಥಳಕ್ಕೆ ತಜ್ಞರು ಹೋದಷ್ಟೂ ಸಿಗುವ ಮಾದರಿ ಜಾಸ್ತಿ. ಮಾದರಿ ಜಾಸ್ತಿ ಆದಷ್ಟೂ ಲ್ಯಾಬ್‌ನ ಸಾಲು ಉದ್ದ. ಆರೋಪಿ ಜೈಲಿನಲ್ಲಿದ್ದರೆ 60 ಅಥವಾ 90 ದಿನದಲ್ಲಿ ಚಾರ್ಜ್‌ಶೀಟ್ ಹಾಕದೇ ಹೋದರೆ ಅವನಿಗೆ ಜಾಮೀನು ಸಿಗುತ್ತದೆ. ಹಾಗಾಗಿ ‘ಎಫ್‌ಎಸ್‌ಎಲ್ ವರದಿ ನಿರೀಕ್ಷಿಸಲಾಗಿದೆ’ ಅಂತ ಬರೆದು ಚಾರ್ಜ್‌ಶೀಟ್ ಹಾಕುವುದು ಈಗಲೂ ನಡೆದಿದೆ. ಹೊಸ ಕಲಂ ಇದನ್ನು ಕಡಿಮೆ ಮಾಡುತ್ತದೋ ಜಾಸ್ತಿ ಮಾಡುತ್ತದೋ ಅನ್ನುವುದು ಲ್ಯಾಬ್‌ನಲ್ಲಿ ಎಷ್ಟು ಕುರ್ಚಿ ತುಂಬಿವೆ ಅನ್ನುವುದರ ಮೇಲೆ ನಿಂತಿದೆ.

ದುಡ್ಡು ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ನಾನು ವ್ಯಾನ್‌ಗಿಂತ ಮೊದಲು ಠಾಣೆಯ ಮುದ್ದೆಮಾಲು ಕೋಣೆಯ ಹೆಸರು ಹೇಳುತ್ತೇನೆ. ಮೊಬೈಲ್ ಫೋರೆನ್ಸಿಕ್ ವ್ಯಾನ್‌ಗೆ ಹಸಿರು ನಿಶಾನೆ ತೋರಿಸಿ ಫೋಟೊ ತೆಗೆಸಿಕೊಳ್ಳಬಹುದು. ತಾಲ್ಲೂಕು ಠಾಣೆಯ ಫ್ರಿಜ್‌ಗೆ ಯಾರೂ ನಿಶಾನೆ ತೋರಿಸುವುದಿಲ್ಲ. ಆದರೆ ರಕ್ತದ ಮಾದರಿ ಮೊದಲ ರಾತ್ರಿ ಕಳೆಯುವುದು ಅಲ್ಲಿಯೇ. ಚಿಂಚೋಳಿಯಲ್ಲೋ ಸುರಪುರದಲ್ಲೋ ಮೇ ತಿಂಗಳಲ್ಲಿ ರಾತ್ರಿ ಕರೆಂಟ್ ಹೋದರೆ ಆ ಫ್ರಿಜ್‌ಗೆ ಇನ್ವರ್ಟರ್ ಬೇಕು. ಅದರ ಬ್ಯಾಟರಿ ಖರ್ಚನ್ನು ಯಾವ ಲೆಕ್ಕ ಶೀರ್ಷಿಕೆಗೆ ಹಾಕಬೇಕು ಅಂತ ಯಾರಾದರೂ ಒಂದು ಆದೇಶ ಹೊರಡಿಸಬೇಕು.